ನಾಯಿ ಉಳಿಯಲಿಲ್ಲ, ಚಂದಾ ಹಣ ಉಳಿದಿದೆ: ಏನು ಮಾಡುವುದು?

ಎಂ ಬ್ಲಾಕ್ ನಿವಾಸಿ, ಕುವೆಂಪುನಗರ

ಮೈಸೂರಿನವರು, ಮಂಡ್ಯದವರು ಸಲಹೆ ಕೊಡಿ. ನಮ್ಮ ರಸ್ತೆಯ ಕಂದು ನಾಯಿಗೆ ಕಳೆದ ತಿಂಗಳು ಕಾರೊಂದು ಗುದ್ದಿ, ನಿಲ್ಲಿಸದೆ ಹೋಯಿತು. ಸೊಂಟದ ಮೂಳೆ ಮುರಿದಿತ್ತು. ರಸ್ತೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೊ ಹಾಕಿ ನನ್ನ ಕ್ಯೂಆರ್ ಕೋಡ್ ಕೊಟ್ಟೆ. ರಾತ್ರಿ ಊಟದ ಹೊತ್ತಿಗೆ 42,000 ರೂಪಾಯಿ ಸೇರಿತು. ಗುರುತೇ ಇಲ್ಲದವರೂ ಹಾಕಿದ್ದಾರೆ. ಒಬ್ಬರು 11 ರೂಪಾಯಿ ಕಳಿಸಿ "ಸದ್ಯಕ್ಕೆ ಇಷ್ಟೇ" ಎಂದು ಬರೆದಿದ್ದರು. ಖಾಸಗಿ ಕ್ಲಿನಿಕ್‌ನಲ್ಲಿ ಎಕ್ಸ್‌ರೇ, ಸ್ಕ್ಯಾನಿಂಗ್, ಡ್ರಿಪ್, ನೋವಿನ ಇಂಜೆಕ್ಷನ್ ಎಲ್ಲ ಆಯಿತು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದ ಮೇಲೆ ಮೂತ್ರಕೋಶವೂ ಒಡೆದಿರುವುದು ತಿಳಿಯಿತು. ನಾಯಿ ಉಳಿಯಲಿಲ್ಲ.

ಈಗ ನನ್ನ ಖಾತೆಯಲ್ಲಿ 23,600 ರೂಪಾಯಿ ಇದೆ. ಬಿಲ್ಲುಗಳನ್ನೆಲ್ಲ ಗುಂಪಿನಲ್ಲಿ ಹಾಕಿದ್ದೇನೆ. ಅಲ್ಲಿಂದಲೇ ಜಗಳ ಶುರು. ಕೆಲವರು ವಾಪಸ್ ಕೊಡಿ ಎನ್ನುತ್ತಾರೆ, ಕೆಲವರು ಯಾವುದಾದರೂ ಆಶ್ರಯಧಾಮಕ್ಕೆ ಕೊಡಿ ಎನ್ನುತ್ತಾರೆ, ಕೆಲವರು ಮುಂದಿನ ನಾಯಿಗೆ ಇಡಿ ಎನ್ನುತ್ತಾರೆ. ಒಬ್ಬ ಹಿರಿಯರು ಗಣಪತಿ ಹಬ್ಬದ ಚಂದಾಕ್ಕೆ ಸೇರಿಸಿಬಿಡಿ ಎಂದರು. ಬೇರೆ ಬಡಾವಣೆಗಳಲ್ಲಿ ಇಂಥ ಹಣವನ್ನು ಹೇಗೆ ನಡೆಸುತ್ತೀರಿ?

ಅಗ್ರಹಾರದ ಹುಡುಗ

ಗಣಪತಿಗೆ ಕೊಡಿ ಸರ್, ಅವನ ಇಲಿಯೂ ಪ್ರಾಣಿಯೇ ತಾನೆ.

ಲೆಕ್ಕದ ಮೇಷ್ಟ್ರು

ತಮಾಷೆ ಇರಲಿ. ಆ ಹಣ ನಿಮ್ಮದಲ್ಲ, ನಿಮ್ಮ ಬಳಿ ಇದೆ ಅಷ್ಟೇ. ಕೊಟ್ಟವರು ಒಂದು ನಿರ್ದಿಷ್ಟ ನಾಯಿಯ ಚಿಕಿತ್ಸೆಗೆ ಕೊಟ್ಟರು. ಆ ಉದ್ದೇಶ ಮುಗಿದ ಮೇಲೆ ಬೇರೆಯದಕ್ಕೆ ಬಳಸಬೇಕಾದರೆ ಅವರ ಒಪ್ಪಿಗೆ ಬೇಕು. ಗುಂಪಿನಲ್ಲಿ ಲೆಕ್ಕದ ಜೊತೆ ಒಂದು ಸಂದೇಶ ಹಾಕಿ: "ಇಂಥ ತಾರೀಖಿನೊಳಗೆ ಕೇಳಿದವರಿಗೆ ಅವರ ಪಾಲು ವಾಪಸ್, ಉಳಿದದ್ದು ಇಂಥ ಕೆಲಸಕ್ಕೆ." ಪಾಲು ಎಂದರೆ ಕೊಟ್ಟದ್ದು ಪೂರ್ತಿ ಅಲ್ಲ, ಖರ್ಚು ಕಳೆದ ಮೇಲಿನ ಪ್ರಮಾಣ. ನನ್ನ ಅನುಭವದಲ್ಲಿ ವಾಪಸ್ ಕೇಳುವವರು ತೀರಾ ಕಡಿಮೆ. ಹಾಗೆಂದು ಕೇಳದೆ ಇರಬಾರದು.

ಇನ್ನೊಂದು ಮಾತು. ವೈಯಕ್ತಿಕ ಖಾತೆಗೆ ಬಂದ ಚಂದಾಕ್ಕೆ 80ಜಿ, ಅಂದರೆ ದಾನ ಕೊಟ್ಟವರಿಗೆ ಸಿಗುವ ಆದಾಯ ತೆರಿಗೆ ರಿಯಾಯಿತಿ, ಯಾರಿಗೂ ಸಿಗುವುದಿಲ್ಲ. ಅದಕ್ಕೆ ನೋಂದಾಯಿತ ಟ್ರಸ್ಟ್ ಅಥವಾ ಸಂಘ ಬೇಕು, ಅದಕ್ಕೆ 80ಜಿ ಮಾನ್ಯತೆ ಇರಬೇಕು. ನಗದಾಗಿ ಕೊಟ್ಟರೆ 2,000 ರೂಪಾಯಿಯವರೆಗೆ ಮಾತ್ರ. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ಅದರ ಲಾಭ.

ಬೆಕ್ಕಿನ ಮನೆ

11 ರೂಪಾಯಿ ಹಾಕಿದವರಿಗೆ ಪ್ರಮಾಣದ ಪ್ರಕಾರ ಎಷ್ಟು ವಾಪಸ್ ಬರುತ್ತದೆ ಮೇಷ್ಟ್ರೇ?

ಲೆಕ್ಕದ ಮೇಷ್ಟ್ರು

ಆರು ರೂಪಾಯಿ, ಚಿಲ್ಲರೆ. ಅದನ್ನೂ ಲೆಕ್ಕದಲ್ಲಿ ಬರೆಯಬೇಕು.

ಆಶ್ರಯಧಾಮದ ಸ್ವಯಂಸೇವಕಿ

ನಾನು ಮೈಸೂರಿನ ಹೊರವಲಯದ ಒಂದು ಸಣ್ಣ ಆಶ್ರಯಧಾಮದಲ್ಲಿ ಭಾನುವಾರ ಕೆಲಸ ಮಾಡುತ್ತೇನೆ. ಹೆಸರು ಹೇಳುವುದಿಲ್ಲ, ಹೇಳಿದರೆ ನಾಳೆ ಬೆಳಗ್ಗೆ ಗೇಟಿಗೆ ಮರಿಗಳನ್ನು ಕಟ್ಟಿ ಹೋಗುತ್ತಾರೆ.

ಹಣ ಬರುವುದು ಫೋಟೊ ಹಾಕಿದ ದಿನ. ರಕ್ತ ಕಾಣಬೇಕು, ಕಣ್ಣು ಕ್ಯಾಮೆರಾ ನೋಡುತ್ತಿರಬೇಕು. ಶಸ್ತ್ರಚಿಕಿತ್ಸೆಯ ಬಿಲ್ಲು ಹೇಗೋ ತುಂಬುತ್ತದೆ. ಕಷ್ಟ ಶುರುವಾಗುವುದು ಅದರ ಮಾರನೆಯ ದಿನದಿಂದ. ಸೊಂಟ ಮುರಿದ ನಾಯಿಯನ್ನು ದಿನಕ್ಕೆ ಹಲವು ಸಲ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ತೊಡೆಯ ಮೇಲೆ ಹುಣ್ಣು ಬೀಳುತ್ತದೆ. ಕೆಲವು ನಾಯಿಗಳಿಗೆ ಹೊಟ್ಟೆ ಒತ್ತಿ ಮೂತ್ರ ಮಾಡಿಸಬೇಕು. ಗೋಣಿಚೀಲ, ಹಳೆಯ ಸೀರೆ, ಫಿನಾಯಿಲ್, ಅನ್ನ, ಕೋಳಿಯ ಕಾಲು, ಡ್ರೆಸ್ಸಿಂಗ್ ಬಟ್ಟೆ, ರಾತ್ರಿ ಪಾಳಿಯವರ ಸಂಬಳ, ಇವಕ್ಕೆ ಯಾರೂ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದಿಲ್ಲ. ಕಳೆದ ವಾರ "ಫಿನಾಯಿಲ್ ಮುಗಿದಿದೆ" ಎಂದು ಬರೆದೆ, ಹದಿನೈದು ಜನ ಹೃದಯದ ಚಿತ್ರ ಹಾಕಿದರು.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಬೀದಿನಾಯಿಗಳ ಜನನಾಂಗದಲ್ಲಿ ಹೂಕೋಸಿನಂಥ ಗಂತಿ ಬೆಳೆದು ರಕ್ತ ಸೋರುತ್ತದೆ, ನೋಡಿರುತ್ತೀರಿ. ಕೂಡುವಾಗ ಒಂದರಿಂದ ಒಂದಕ್ಕೆ ಹರಡುವ ಕ್ಯಾನ್ಸರ್ ಅದು. ವಾರಕ್ಕೊಂದು ವಿನ್‌ಕ್ರಿಸ್ಟೀನ್ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಬಹುಪಾಲು ನಾಯಿಗಳು ಪೂರ್ತಿ ಗುಣವಾಗುತ್ತವೆ. ಮೂಳೆಗೆ ಪ್ಲೇಟು ಹಾಕಿಸುವ ಖರ್ಚಿನ ಮುಂದೆ ಇದು ಏನೂ ಅಲ್ಲ. ಆದರೆ ಆ ಫೋಟೊವನ್ನು ಬಡಾವಣೆಯ ಗುಂಪಿನಲ್ಲಿ ಹಾಕುವವರು ಯಾರು? ಹಾಗಾಗಿ ಹಣ ಇಲ್ಲ.

ಉಳಿದ 23,600 ರೂಪಾಯಿಯನ್ನು ಇಂಥದ್ದಕ್ಕೆ ಕೊಡಿ ಎಂದು ನನ್ನ ಕೋರಿಕೆ. ನಮಗೇ ಕೊಡಿ ಎನ್ನುತ್ತಿಲ್ಲ.

ನೇರ ಮಾತು 57

ಸರ್ಕಾರಿ ಆಸ್ಪತ್ರೆಯಲ್ಲಿ ಮನುಷ್ಯರಿಗೇ ಹಾಸಿಗೆ ಇಲ್ಲದೆ ನೆಲದ ಮೇಲೆ ಮಲಗಿರುತ್ತಾರೆ. ಇಲ್ಲಿ ನಾಯಿಯ ಮಗ್ಗುಲು ಬದಲಿಸುವ ಚಿಂತೆ. ಒಂದೇ ಸಂಜೆ 42,000 ರೂಪಾಯಿ! ನಮ್ಮ ಬೀದಿಯ ಆಟೊ ಚಾಲಕನ ಮಗಳ ಶಸ್ತ್ರಚಿಕಿತ್ಸೆಗೆ ಇಷ್ಟು ಸೇರಿಸಲು ನಾವು ಮನೆ ಮನೆ ತಿರುಗಿದ್ದೇವೆ.

ಬೆಕ್ಕಿನ ಮನೆ

ಮನೆ ಮನೆ ತಿರುಗಿದಿರಲ್ಲ, ಒಳ್ಳೆಯ ಕೆಲಸ. ಆಗ ಬಾಗಿಲು ತೆರೆದು ಕೊಟ್ಟವರ ಪಟ್ಟಿ ತೆಗೆಯಿರಿ. ನಾಯಿಗೆ ಕೊಡುವವರ ಹೆಸರು ಅದರಲ್ಲೂ ಇರುತ್ತದೆ.

ನೇರ ಮಾತು 57

ಒಂದಿಬ್ಬರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೂ ನನ್ನ ಮಾತು ನನ್ನದೇ.

ಮದ್ದೂರು ಕಡೆಯ ರೈತ

ನಗರದವರು ನಾಯಿ ಬೆಕ್ಕು ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ನಮ್ಮ ಕಡೆ ಅನಾಥ ಪ್ರಾಣಿ ಎಂದರೆ ಹೋರಿ ಕರು. ಎಚ್‌ಎಫ್ ಎಂಬ ವಿದೇಶಿ ಹಾಲಿನ ತಳಿಯ ಹಸು ಗಂಡು ಕರು ಹಾಕಿದರೆ ಅದರಿಂದ ಹಾಲಿಲ್ಲ, ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. ರಾಜ್ಯದ ಹೊಸ ಗೋಹತ್ಯೆ ನಿಷೇಧ ಕಾಯಿದೆ ಜಾರಿಯಾದ ಮೇಲೆ ಮಾರುವುದೂ ಕಷ್ಟ. ಕಾಯಿದೆ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಆಗುತ್ತಿರುವುದನ್ನು ಹೇಳುತ್ತೇನೆ. ರಾತ್ರಿ ಹೊತ್ತು ದೇವಸ್ಥಾನದ ಹತ್ತಿರವೋ ಸಂತೆ ಮಾಳದಲ್ಲೋ ಬಿಟ್ಟು ಬರುತ್ತಾರೆ. ಗಿಣ್ಣು ಹಾಲು ಕೂಡ ಕುಡಿಯದ ಕರು ಬೆಳಗ್ಗೆ ಹೊತ್ತಿಗೆ ಭೇದಿಯಿಂದ ನೆಲ ಹಿಡಿದಿರುತ್ತದೆ.

ಒಂದು ಕರುವಿಗೆ ದಿನಕ್ಕೆ ಬೇಕಾದ ಹಾಲಿನ ಬೆಲೆ ಲೆಕ್ಕ ಹಾಕಿ. ಡೇರಿಗೆ ಹಾಕಿದರೆ ಬರುವ ದುಡ್ಡನ್ನು ಕರುವಿಗೆ ಕುಡಿಸು ಎಂದು ಬಡವನಿಗೆ ಹೇಳುವುದು ಸುಲಭ.

ಅಗ್ರಹಾರದ ಹುಡುಗ

ಅದಕ್ಕೇ ಪುಣ್ಯಕೋಟಿ ದತ್ತು ಯೋಜನೆ ಬಂದದ್ದಲ್ಲವೇ ಗೌಡರೇ?

ಮದ್ದೂರು ಕಡೆಯ ರೈತ

ಬಂದಿತು, 2022ರಲ್ಲಿ. ವರ್ಷಕ್ಕೆ 11,000 ರೂಪಾಯಿ ಕೊಟ್ಟು ಗೋಶಾಲೆಯ ಒಂದು ರಾಸನ್ನು ದತ್ತು ಪಡೆಯುವುದು. ಸರ್ಕಾರಿ ನೌಕರರ ಸಂಬಳದಿಂದಲೂ ವಂತಿಗೆ ಹಿಡಿದರು. 11,000 ಎಂದರೆ ದಿನಕ್ಕೆ ಮೂವತ್ತು ರೂಪಾಯಿ. ಒಣಮೇವು ಕೊಂಡು ರಾಸು ಕಟ್ಟುವವರನ್ನು ಕೇಳಿ ನೋಡಿ, ಆ ದುಡ್ಡಿಗೆ ಎಷ್ಟು ದಿನ ಹೊಟ್ಟೆ ತುಂಬುತ್ತದೆ ಎಂದು. ಅದೂ ಗೋಶಾಲೆ ಸೇರಿದ ರಾಸಿಗೆ. ಸಂತೆ ಮಾಳದಲ್ಲಿ ಬಿದ್ದ ಕರುವಿಗೆ ಅಲ್ಲ.

ನಿವೃತ್ತ ಪಶುವೈದ್ಯ

ಗೌಡರ ಮಾತಿಗೆ ಒಂದು ಸೇರಿಸುತ್ತೇನೆ. ಈಗ ಕೃತಕ ಗರ್ಭಧಾರಣೆಗೆ ಲಿಂಗ ವಿಂಗಡಿತ ವೀರ್ಯದ ನಳಿಕೆ ಸಿಗುತ್ತದೆ. ಅದನ್ನು ಕೊಡಿಸಿದರೆ ನೂರಕ್ಕೆ ತೊಂಬತ್ತರಷ್ಟು ಹೆಣ್ಣು ಕರುವೇ ಹುಟ್ಟುತ್ತದೆ. ಹೋರಿ ಕರುವಿನ ಪ್ರಶ್ನೆಗೆ ಗೋಶಾಲೆಗಿಂತ ಇದು ಅಗ್ಗದ ಉತ್ತರ. ಗರ್ಭ ಕಟ್ಟುವ ಪ್ರಮಾಣ ಸ್ವಲ್ಪ ಕಡಿಮೆ, ಅದನ್ನೂ ಹೇಳಬೇಕು. ಇನ್ನೂ ಕರು ಹಾಕದ ಪಡ್ಡೆಗಳಲ್ಲಿ ಚೆನ್ನಾಗಿ ಕಟ್ಟುತ್ತದೆ.

ಇನ್ನು ಮೂಲ ಪ್ರಶ್ನೆಗೆ ಬರೋಣ. ಚಂದಾ ಎತ್ತುವ ಮೊದಲು ವೈದ್ಯರನ್ನು ಎರಡು ಪ್ರಶ್ನೆ ಕೇಳಿ. ಮೂತ್ರ ಹೋಗುತ್ತಿದೆಯೇ? ಹಿಂಗಾಲಿನ ಬೆರಳನ್ನು ಗಟ್ಟಿಯಾಗಿ ಅದುಮಿದರೆ ನಾಯಿ ತಿರುಗಿ ನೋಡುತ್ತದೆಯೇ? ಕಾಲು ಹಿಂದಕ್ಕೆ ಎಳೆದುಕೊಂಡರೆ ಸಾಲದು. ಅದು ಬೆನ್ನುಹುರಿ ತಾನೇ ಮಾಡುವ ಕೆಲಸ, ಮಿದುಳಿಗೆ ನೋವು ಮುಟ್ಟಿತು ಎಂದಲ್ಲ. ತಿರುಗಬೇಕು, ಕಿರುಚಬೇಕು, ಕಚ್ಚಲು ಬರಬೇಕು. ಬೆನ್ನುಮೂಳೆ ಮುರಿದು ಆ ಆಳದ ನೋವೇ ತಿಳಿಯದಿದ್ದರೆ ಮತ್ತೆ ನಡೆಯುವ ಸಂಭವ ಬಹಳ ಕಡಿಮೆ. ಇನ್ನೊಂದು ಕಡೆ, ಸೊಂಟದ ಮೂಳೆಯ ಮುರಿತ ಎಷ್ಟೋ ನಾಯಿಗಳಲ್ಲಿ ಪ್ಲೇಟು ಇಲ್ಲದೆಯೇ, ಇಕ್ಕಟ್ಟಾದ ಪಂಜರದಲ್ಲಿ ಕೆಲವು ವಾರ ಕಟ್ಟುನಿಟ್ಟಾಗಿ ಇಟ್ಟರೆ ಕೂಡುತ್ತದೆ. ಅಂದರೆ ಕೆಲವೊಮ್ಮೆ ಬೇಕಾದದ್ದು ಐವತ್ತು ಸಾವಿರವಲ್ಲ, ಪಂಜರ ಇಡಲು ಒಂದು ಜಾಗ ಮತ್ತು ನೋಡಿಕೊಳ್ಳಲು ಒಬ್ಬ ಮನುಷ್ಯ. ಮೇಲೆ ಸ್ವಯಂಸೇವಕಿ ತಾಯಿ ಹೇಳಿದ್ದೂ ಅದನ್ನೇ.

ಸರ್ಕಾರಿ ಪಶು ಆಸ್ಪತ್ರೆಯಲ್ಲಿ ನಾಯಿಯನ್ನೂ ನೋಡುತ್ತಾರೆ. ಮೂಳೆಯ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದರೆ ಹಾಸನದ ಪಶುವೈದ್ಯಕೀಯ ಕಾಲೇಜಿಗೋ ಬೆಂಗಳೂರಿನ ಹೆಬ್ಬಾಳದ ಕಾಲೇಜಿಗೋ ಕಳಿಸುತ್ತಿದ್ದೆವು. ನಮ್ಮ ಮೈಸೂರಿನಲ್ಲೂ ಇರುವ ಹೆಬ್ಬಾಳಕ್ಕೆ ಹೋಗಿ ಹುಡುಕಿದವರನ್ನೂ ಕಂಡಿದ್ದೇನೆ.

ಎಂ ಬ್ಲಾಕ್ ನಿವಾಸಿ, ಕುವೆಂಪುನಗರ

ಧನ್ಯವಾದ ಡಾಕ್ಟರೇ. ಪಶು ಚಿಕಿತ್ಸಾ ವಾಹನದ ಸಹಾಯವಾಣಿ 1962ಕ್ಕೆ ಕರೆ ಮಾಡಿದ್ದೆ. ಅವರು ಹಳ್ಳಿಯ ಕರೆಯಲ್ಲಿದ್ದರು.

ನಿವೃತ್ತ ಪಶುವೈದ್ಯ

ಆ ವಾಹನ ಇರುವುದೇ ಮುಖ್ಯವಾಗಿ ರೈತರ ಮನೆಬಾಗಿಲಿಗೆ. 2022ರಲ್ಲಿ ರಾಜ್ಯದಲ್ಲಿ 275 ಸಂಚಾರಿ ಪಶು ಚಿಕಿತ್ಸಾ ವಾಹನಗಳ ಯೋಜನೆಗೆ ಚಾಲನೆ ಸಿಕ್ಕಿತು. ವಾಹನ ಕೊಳ್ಳುವ ಹಣ ಪೂರ್ತಿ ಕೇಂದ್ರದ್ದು, ನಡೆಸುವ ಖರ್ಚಿನಲ್ಲಿ ಕೇಂದ್ರ 60, ರಾಜ್ಯ 40. ಸುಮಾರು ಒಂದು ಲಕ್ಷ ಜಾನುವಾರುಗಳಿಗೆ ಒಂದು ವಾಹನ ಎಂಬ ಲೆಕ್ಕ. ಕರು ಅಡ್ಡ ಸಿಕ್ಕ ಹಸುವಿನ ಕರೆ ಬಂದರೆ ನಾಯಿ ಕಾಯಲೇಬೇಕು, ಅದು ತಪ್ಪೂ ಅಲ್ಲ.

ದಿನಾ ಬೆಂಗಳೂರಿಗೆ

ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದಾಗಿನಿಂದ ಆ 118 ಕಿಲೋಮೀಟರ್ ಉದ್ದಕ್ಕೂ ಬೆಳಗಿನ ಹೊತ್ತು ನಾಯಿಗಳ ಹೆಣ ನೋಡುತ್ತಿದ್ದೇನೆ. ಬೇಲಿ ಕಿತ್ತ ಕಡೆ ಒಳಗೆ ಬರುತ್ತವೆ, ಮತ್ತೆ ಹೊರಗೆ ಹೋಗುವ ದಾರಿ ಗೊತ್ತಾಗುವುದಿಲ್ಲ. ಟೋಲ್ ಕಟ್ಟುವ ರಸ್ತೆಯಲ್ಲಿ ಗಾಯಗೊಂಡ ಪ್ರಾಣಿಯ ಖರ್ಚು ಟೋಲ್ ಹಣದಿಂದಲೇ ಬರಬೇಕು ಎಂದು ನನ್ನ ವಾದ. ಸದ್ಯಕ್ಕೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ. ರಸ್ತೆಯಲ್ಲಿ ಪ್ರಾಣಿ ಬಿದ್ದಿದೆ ಎಂದರೆ ಗಸ್ತಿನವರು ಬರುತ್ತಾರೆ. ನೀವೇ ಗಾಡಿ ನಿಲ್ಲಿಸಿ ಇಳಿಯಬೇಡಿ, ಹಿಂದಿನವನು ನಿಮ್ಮನ್ನೇ ಗುದ್ದುತ್ತಾನೆ.

ಕಾನೂನು ಓದುತ್ತಿರುವವಳು

ಗುದ್ದಿ ಓಡಿದವರಿಂದ, ಸಾಕಿ ಬಿಟ್ಟವರಿಂದ ಖರ್ಚು ವಸೂಲಿ ಮಾಡಬಹುದೇ ಎಂದು ಯಾರೂ ಕೇಳಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಂ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಹೌದು, ಐವತ್ತು. 35ನೇ ಕಲಂನಲ್ಲಿ, ನ್ಯಾಯಾಲಯದ ಆದೇಶದಂತೆ ಚಿಕಿತ್ಸಾಲಯಕ್ಕೆ ಕಳಿಸಿದ ಪ್ರಾಣಿಯ ಸಾಗಣೆ, ಮೇವು, ಚಿಕಿತ್ಸೆಯ ಖರ್ಚನ್ನು ಮಾಲೀಕನೇ ಕೊಡಬೇಕು ಎಂದಿದೆ. ಮಾಲೀಕ ಸಿಕ್ಕರೆ ತಾನೆ. ಬೇಕೆಂದೇ ಕೊಂದರೆ, ಅಂಗಹೀನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂನಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ.

2001ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಪ್ರಾಣಿದಯಾ ಸಂಘ ಇರಬೇಕು. ಅದಕ್ಕೆ ಜಾಗ, ಚಿಕಿತ್ಸಾಲಯ ಒದಗಿಸುವ ಹೊಣೆ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳದು. ಮೈಸೂರು, ಮಂಡ್ಯ ಎರಡೂ ಕಡೆಯವರು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳಿ: ಸಂಘದ ಸಭೆ ಕೊನೆಗೆ ಯಾವಾಗ ನಡೆಯಿತು, ಖಾತೆಯಲ್ಲಿ ಎಷ್ಟಿದೆ? ಅರ್ಜಿ ಶುಲ್ಕ 10 ರೂಪಾಯಿ.

ಅಗ್ರಹಾರದ ಹುಡುಗ

ನಾಯಿಯನ್ನು ಬೀದಿಗೆ ಬಿಟ್ಟ ದಂಡಕ್ಕಿಂತ ಹೆಲ್ಮೆಟ್ ಇಲ್ಲದ ದಂಡ ಹತ್ತು ಪಟ್ಟು!

ಸರಸ್ವತಿಪುರಂ ಅಜ್ಜಿ

ನಮ್ಮ ಮೃಗಾಲಯದಲ್ಲಿ ಪ್ರಾಣಿ ದತ್ತು ಯೋಜನೆ ಇದೆಯಲ್ಲಪ್ಪ, ಕೋವಿಡ್ ಕಾಲದಲ್ಲಿ ಊರಿಗೂರೇ ದುಡ್ಡು ಕೊಟ್ಟಿತು. ಅದರಿಂದ ಒಂದಿಷ್ಟು ಬೀದಿನಾಯಿಗಳಿಗೆ ಕೊಡಲು ಏನು ಅಡ್ಡಿ?

ಕಾನೂನು ಓದುತ್ತಿರುವವಳು

ಆಗುವುದಿಲ್ಲ ಅಜ್ಜಿ. ಅದು ಮೃಗಾಲಯ ಪ್ರಾಧಿಕಾರದ ಲೆಕ್ಕ. ಮೃಗಾಲಯದ ಪ್ರಾಣಿಗಳ ಆಹಾರ, ಆರೈಕೆಗೇ ಅದನ್ನು ಬಳಸಬೇಕು. ಕೂರ್ಗಳ್ಳಿಯಲ್ಲಿ ಪುನರ್ವಸತಿ ಕೇಂದ್ರವಿದೆ, ಆದರೆ ಅದು ಹುಲಿ, ಚಿರತೆಯಂಥ ಕಾಡುಪ್ರಾಣಿಗಳಿಗೆ. ಗಾಯಗೊಂಡ ಕೋತಿ, ಹಾವು, ಮಾಂಜಾ ದಾರಕ್ಕೆ ಸಿಕ್ಕ ಹದ್ದು ಸಿಕ್ಕರೆ ಅರಣ್ಯ ಇಲಾಖೆಗೆ ಹೇಳಿ. ಮನೆಗೆ ತಂದು ಇಟ್ಟುಕೊಂಡರೆ ವನ್ಯಜೀವಿ ಕಾಯಿದೆಯಡಿ ನಿಮಗೇ ತೊಂದರೆ.

ಸರಸ್ವತಿಪುರಂ ಅಜ್ಜಿ

ಸರಿಯಮ್ಮ. ನಾನು ಚಾಮುಂಡಿ ಬೆಟ್ಟದ ಪಾದದ ಪಿಂಜರಾಪೋಲಿಗೆ, ಅದೇ ಆ ಗೋಶಾಲೆಗೆ, ಅಮಾವಾಸ್ಯೆಗೊಮ್ಮೆ ಹಸಿಹುಲ್ಲಿನ ದುಡ್ಡು ಕೊಡುತ್ತೇನೆ. ರಸೀದಿ ಕೊಡುತ್ತಾರೆ.

ದಿನಾ ಬೆಂಗಳೂರಿಗೆ

ಎಲ್ಲ ಬಿಡಿ, ಪಾಲಿಕೆ ನಾಯಿಗಳನ್ನು ಹಿಡಿದುಕೊಂಡು ಹೋಗಿಬಿಟ್ಟರೆ ಚಂದಾ ಎತ್ತುವ ಪ್ರಶ್ನೆಯೇ ಇಲ್ಲ. ಸುಪ್ರೀಂ ಕೋರ್ಟ್ ಹೇಳಿತಲ್ಲ.

ಕಾನೂನು ಓದುತ್ತಿರುವವಳು

ಅರ್ಧ ಸುದ್ದಿ ಓದಿದ್ದೀರಿ. 2025ರ ಆಗಸ್ಟ್ 11ರ ಆದೇಶ ದೆಹಲಿ ಸುತ್ತಮುತ್ತಲಿಗೆ ಸಂಬಂಧಿಸಿತ್ತು. ಅದೇ ತಿಂಗಳು 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಾಯಿಸಿ, ಸಂತಾನಶಕ್ತಿಹರಣ ಮತ್ತು ಲಸಿಕೆ ಆದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು ಎಂದಿತು. ರೇಬಿಸ್ ಇರುವ, ಆಕ್ರಮಣಕಾರಿ ನಾಯಿಗಳನ್ನು ಬಿಡುವಂತಿಲ್ಲ. ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಜಾಗಗಳಿಗೆ: ಅಲ್ಲಿಂದ ಹಿಡಿದದ್ದನ್ನು ಮತ್ತೆ ಅಲ್ಲಿಗೇ ಬಿಡಬಾರದು. ಹಾಗೆ ಹಿಡಿದವನ್ನು ಸಾಕಲು ಹಣ ಬೇಕಲ್ಲವೇ? ಚಂದಾದ ಪ್ರಶ್ನೆ ಇನ್ನೂ ದೊಡ್ಡದಾಗುತ್ತದೆ.

ನೇರ ಮಾತು 57

ಅನ್ನ ಹಾಕುವವರೇ ಮನೆಯೊಳಗೆ ಕಟ್ಟಿಕೊಳ್ಳಲಿ. ನನ್ನ ಮೊಮ್ಮಗನನ್ನು ಕಚ್ಚಿದ ನಾಯಿಗೆ ಬಿಸ್ಕತ್ತು ಹಾಕುತ್ತಿದ್ದವರು ಇಂದಿಗೂ ಆ ಬಗ್ಗೆ ತುಟಿ ಬಿಚ್ಚಿಲ್ಲ.

ನಿವೃತ್ತ ಪಶುವೈದ್ಯ

ಮಗುವಿಗೆ ಲಸಿಕೆ ಪೂರ್ತಿ ಆಯಿತೇ ಸ್ವಾಮಿ? ಮಧ್ಯದಲ್ಲಿ ಬಿಟ್ಟವರನ್ನು ಕಂಡಿದ್ದೇನೆ, ಅದಕ್ಕೆ ಕೇಳಿದೆ. ಇನ್ನು ಗಾಯಗೊಂಡ ನಾಯಿಯನ್ನು ಎತ್ತುವ ಹುಡುಗರೂ ಮುಂಚಿತವಾಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬೇಕು. ನೋವಿನಲ್ಲಿರುವ ನಾಯಿ ಅನ್ನ ಹಾಕಿದವರನ್ನೂ ಕಚ್ಚುತ್ತದೆ. ಚಂದಾ ಉಳಿದರೆ ಅದಕ್ಕೂ ಖರ್ಚು ಮಾಡಬಹುದು.

ನೇರ ಮಾತು 57

ಆಯಿತು ಡಾಕ್ಟರೇ, ಎಲ್ಲ ಡೋಸೂ ಆಯಿತು. ಕೇಳಿದ್ದಕ್ಕೆ ಸಂತೋಷ.

ಜೆ.ಪಿ. ನಗರ ಗುಂಪಿನ ಖಜಾಂಚಿ

ನಾವು ಮಾಡುವುದನ್ನು ಹೇಳುತ್ತೇನೆ. ಹಣವನ್ನು ಒಬ್ಬರ ಖಾತೆಯಲ್ಲಿ ಇಡುವುದಿಲ್ಲ. ಒಂದು ಕ್ಲಿನಿಕ್‌ನಲ್ಲಿ ಮುಂಗಡವಾಗಿ ಕಟ್ಟಿದ್ದೇವೆ. ಬಡಾವಣೆಯ ಯಾರೇ ಬೀದಿಯ ಪ್ರಾಣಿಯನ್ನು ಒಯ್ದರೂ ಮೊದಲ ಹಂತದ ಚಿಕಿತ್ಸೆ, ಅಂದರೆ ನೋವಿನ ಇಂಜೆಕ್ಷನ್, ಡ್ರಿಪ್, ಎಕ್ಸ್‌ರೇ ಆ ಮುಂಗಡದಲ್ಲಿ ನಡೆಯುತ್ತದೆ. ರಾತ್ರಿ ಹತ್ತು ಗಂಟೆಗೆ ದುಡ್ಡಿಗಾಗಿ ಫೋನ್ ಮಾಡುತ್ತ ಕೂರಬೇಕಾಗಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆಗೆ ಮೂವರು ಒಪ್ಪಬೇಕು. ಬಿಲ್ಲಿನ ಫೋಟೊ ಅದೇ ದಿನ ಗುಂಪಿಗೆ.

ತಿಂಗಳಿಗೆ 100 ರೂಪಾಯಿ ಕೊಡುವವರು ನಮ್ಮಲ್ಲಿ ನಲವತ್ತು ಮನೆಯವರಿದ್ದಾರೆ. ಒಂದೇ ದಿನ 40,000 ರೂಪಾಯಿ ಬರುವುದಕ್ಕಿಂತ ನನಗೆ ಈ 4,000 ಹೆಚ್ಚು ಬೆಲೆಯದು. ಸ್ವಯಂಸೇವಕಿ ಹೇಳಿದ ಫಿನಾಯಿಲ್, ಗೋಣಿಚೀಲಕ್ಕೆ ಆಗುವುದು ಇದೇ.

ಬೆಕ್ಕಿನ ಮನೆ

ಕ್ಲಿನಿಕ್‌ಗೆ ಮುಂಗಡ ಕಟ್ಟಿದರೆ ಎಲ್ಲ ಪರೀಕ್ಷೆಗಳನ್ನೂ ಬರೆಯುತ್ತಾರೆ. ದುಡ್ಡು ಹೇಗೂ ಅಲ್ಲೇ ಇದೆಯಲ್ಲ.

ಜೆ.ಪಿ. ನಗರ ಗುಂಪಿನ ಖಜಾಂಚಿ

ಆ ಭಯ ನಮಗೂ ಇತ್ತು. ಅದಕ್ಕೇ ಒಂದು ಮಿತಿ ಇಟ್ಟೆವು, ಮೀರಿದರೆ ಫೋನ್ ಮಾಡಿ ಕೇಳಬೇಕು. ಗುಣವಾಗುವ ಸಂಭವ ಇಲ್ಲದಿದ್ದರೆ ದಯಾಮರಣದ ಮಾತನ್ನೂ ಆಡುತ್ತೇವೆ. ಅಲ್ಲೇ ಹೆಚ್ಚು ಜಗಳ ಆಗುವುದು, ದುಡ್ಡಿನ ವಿಷಯದಲ್ಲಿ ಅಲ್ಲ.

ಆಶ್ರಯಧಾಮದ ಸ್ವಯಂಸೇವಕಿ

ದಯಾಮರಣ ಬೇಡ ಎಂದು ಗುಂಪಿನಲ್ಲಿ ಬರೆಯುವವರು ಬಂದು ಒಂದು ರಾತ್ರಿ ಆ ನಾಯಿಯ ಪಕ್ಕ ಕೂರಲಿ. ಅಷ್ಟೇ ನನ್ನ ಮಾತು.

ಲೆಕ್ಕದ ಮೇಷ್ಟ್ರು

ಖಜಾಂಚಿಯವರೇ, ವ್ಯವಸ್ಥೆ ಚೆನ್ನಾಗಿದೆ. ಬೆಳೆದರೆ ಸಂಘ ನೋಂದಾಯಿಸಿ, ಕರ್ನಾಟಕದಲ್ಲಿ ಏಳು ಜನ ಸಾಕು. ಬೇಕಾದ ಮಾನ್ಯತೆಗಳು ಸಿಕ್ಕು, ಮೂರು ವರ್ಷ ಕೆಲಸ ಮಾಡಿದ ದಾಖಲೆ ಆದ ಮೇಲೆ ಕಂಪನಿಗಳು ಸಮಾಜದ ಕೆಲಸಕ್ಕೆ ಇಡುವ ಸಿಎಸ್‌ಆರ್ ಹಣವನ್ನೂ ಕೇಳಬಹುದು. ಕಂಪನಿ ಕಾಯಿದೆಯ 7ನೇ ಅನುಸೂಚಿಯಲ್ಲಿ ಪ್ರಾಣಿ ಕಲ್ಯಾಣ ಇದೆ. ಆದರೆ ಅವರಿಗೆ ಆಂಬುಲೆನ್ಸ್ ಮೇಲೆ ಹೆಸರು ಬರೆಸುವ ಆಸೆ ಇರುತ್ತದೆ, ಡೀಸೆಲ್ ಹಾಕಿಸುವ ಆಸೆ ಇರುವುದಿಲ್ಲ. ಒಪ್ಪಂದದಲ್ಲೇ ನಿರ್ವಹಣೆಯ ಹಣ ಬರೆಸಿಕೊಳ್ಳಿ.

ಎಂ ಬ್ಲಾಕ್ ನಿವಾಸಿ, ಕುವೆಂಪುನಗರ

ಗುಂಪಿನಲ್ಲಿ ಕೇಳಿದೆ. ಇಬ್ಬರು ವಾಪಸ್ ಕೇಳಿದರು, ಕೊಟ್ಟಾಯಿತು. ಉಳಿದದ್ದರಲ್ಲಿ ಒಂದು ಪಾಲು ಗಂತಿಯ ಇಂಜೆಕ್ಷನ್‌ಗಳಿಗೆ, ಇನ್ನೊಂದು ಪಾಲು ಕ್ಲಿನಿಕ್ ಮುಂಗಡಕ್ಕೆ ಎಂದು ಹೆಚ್ಚಿನವರು ಒಪ್ಪಿದ್ದಾರೆ. ಗಣಪತಿಯ ಹಿರಿಯರು ಇನ್ನೂ ಮುನಿಸಿಕೊಂಡಿದ್ದಾರೆ. ಸ್ವಯಂಸೇವಕಿ ಮೇಡಂ, ನಿಮಗೆ ಖಾಸಗಿ ಸಂದೇಶ ಕಳಿಸಿದ್ದೇನೆ, ನೋಡಿ.

ಸರಸ್ವತಿಪುರಂ ಅಜ್ಜಿ

ಡಾಕ್ಟರಪ್ಪ, ವಿಷಯ ಬೇರೆ. ನಮ್ಮ ಹಿತ್ತಲಿಗೆ ಬರುವ ಬೆಕ್ಕಿಗೆ ಜ್ವರ ಇದ್ದ ಹಾಗಿದೆ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕಾಲು ಮಾತ್ರೆ ಹಾಲಿನಲ್ಲಿ ಹಾಕಲೇ?

ನಿವೃತ್ತ ಪಶುವೈದ್ಯ

ಬೇಡ! ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ, ಕಾಲು ಮಾತ್ರೆಯೂ ಕೊಲ್ಲಬಹುದು. ನೀರು ಇಡಿ, ಬುಟ್ಟಿ ಮುಚ್ಚಿ ಹಿಡಿಸಿ ಆಸ್ಪತ್ರೆಗೆ ಕಳಿಸಿ.

ಜೆ.ಪಿ. ನಗರ ಗುಂಪಿನ ಖಜಾಂಚಿ

ಅಜ್ಜಿ, ಸರಸ್ವತಿಪುರಂನಲ್ಲಿ ಎಷ್ಟನೇ ಮೇನ್ ಎಂದು ನನಗೆ ಖಾಸಗಿಯಾಗಿ ತಿಳಿಸಿ. ನಮ್ಮ ಹುಡುಗರಲ್ಲಿ ಒಬ್ಬನ ಬಳಿ ಬೆಕ್ಕು ಹಿಡಿಯುವ ಪಂಜರ ಇದೆ, ಸಂಜೆ ಆರರ ಮೇಲೆ ಬರುತ್ತಾನೆ.

ಬೆಕ್ಕಿನ ಮನೆ

ಆ ಪಂಜರ ನನ್ನದು ಖಜಾಂಚಿಯವರೇ. ಯುಗಾದಿಗೆ ಒಯ್ದದ್ದು.